ಪದಕ್ಕೊಂದು ಬಾಲ

ತಮ್ಮನ ಹೆಂಡತಿ ಫೋನಿನಲ್ಲಿ ಅಳುತ್ತಾ ಹೇಳಿದ್ದು ಅವಳಿಗೆ ಮೊದಲು ಸರಿಯಾಗಿ ಕೇಳಿಸಲಿಲ್ಲ.

"ಅಕ್ಕಾ, ಅವರ ಕನ್ನಡ ಹೋಯ್ತು."

ಇಪ್ಪತ್ತಾರು ವರ್ಷ ಕನ್ನಡಕದಂಗಡಿಯಲ್ಲಿ ದುಡಿದವಳ ಕಿವಿಗೆ ಅದು ಇನ್ನು ಹೇಗೆ ಕೇಳಿಸಬೇಕು? "ಅಯ್ಯೋ, ಅಷ್ಟಕ್ಕೆ ಯಾಕಮ್ಮ ಅಳ್ತೀಯ? ಅವನ ನಂಬರು ನನ್ನ ಹತ್ರ ಬರೆದಿಟ್ಟಿದೀನಿ. ಇನ್ನೊಂದು ಮಾಡಿಸಿ ಕಳಿಸ್ತೀನಿ ಬಿಡು," ಎಂದಳು.

ಅನ್ಯದೇಶದಲ್ಲಿ ಹುಟ್ಟಿ, ಗಂಡನ ಸಲುವಾಗಿ ಒಂದು ಹಿಡಿ ಕನ್ನಡ ಕಲಿತಿದ್ದ ಆ ಹೆಣ್ಣು ಮಾತು ಹುಡುಕುತ್ತಿದ್ದಳು. ಆಮೇಲೆ ಒಂದೊಂದೇ ಪದ ಬಿಡಿಸಿ ಇಟ್ಟಳು. "ಕನ್ನಡಕ ಅಲ್ಲ ಅಕ್ಕಾ. ಕನ್ನಡ. ಮಾತು. ಕನ್ನಡ ಮಾತು ಹೋಯ್ತು."

ತಮ್ಮನಿಗೆ ಎರಡು ತಿಂಗಳ ಹಿಂದೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಿದ್ದುಹೋಗಿತ್ತು, ನಾಲಗೆಯೂ ಬಿದ್ದುಹೋಗಿತ್ತು. ಕೈ ನಿಧಾನವಾಗಿ ಏಳತೊಡಗಿತು. ಮಾತೂ ಬಂತು. ಆದರೆ ಬಂದದ್ದು ಆ ದೇಶದ ಮಾತು ಮಾತ್ರ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಾ ಮೂವತ್ತೊಂದು ವರ್ಷದಲ್ಲಿ ಕಲಿತದ್ದು ಉಳಿದು, ಅಮ್ಮನ ಮಡಿಲಲ್ಲಿ ಕಲಿತದ್ದು ಒರೆಸಿ ಹೋಗಿತ್ತು. ಕೆಲವರಿಗೆ ಹೀಗಾಗುವುದುಂಟು, ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರಂತೆ ಡಾಕ್ಟರು.

"ಅವರಿಗೆ ಕೊಡ್ತೀನಿ, ಮಾತಾಡಿ," ಎಂದಳು ತಮ್ಮನ ಹೆಂಡತಿ.

ತಮ್ಮನ ದನಿ ಅದೇ. ಗಂಟಲಿನ ಆ ಸ್ವಲ್ಪ ಒಡಕು ಅದೇ. ಅದರ ಮೂಲಕ ಹರಿದು ಬಂದದ್ದು ಮಾತ್ರ ಒಂದಕ್ಷರವೂ ತಿಳಿಯದ ನೀರು. ಅವಳು "ಹೂಂ, ಹೂಂ" ಎನ್ನುತ್ತಾ ಕೂತಳು.

ಅವರಿಬ್ಬರಿಗೂ ಒಂದು ಹಳೆಯ ಆಟವಿತ್ತು. ಅವಳು ಶಾಲೆ ಮುಗಿಸಿ ಬರುವ ಹೊತ್ತಿಗೆ, ಇನ್ನೂ ಶಾಲೆಗೆ ಸೇರದ ಅವನು ಒಳಗಿನಿಂದ ಅಗುಳಿ ಹಾಕಿಕೊಂಡು ಕಾಯುತ್ತಿದ್ದ. ಇವಳು ಮೂರು ಸಲ ಬಾಗಿಲು ಬಡಿದರೆ, "ಯಾರು?" ಎನ್ನುವನು.

"ನಾನು."

"ನಾನು ಅಂದ್ರೆ ಯಾರು?"

"ನೀನಲ್ಲದವಳು."

ಆಗ ಅಗುಳಿ ಸರಿಯುತ್ತಿತ್ತು. ಅವನು ಸಮುದ್ರದಾಚೆ ಹೋದ ಮೇಲೂ ಪ್ರತಿ ಭಾನುವಾರ ಅದು ನಡೆಯಿತು. ಫೋನು ಮಾಡುವವನೂ ಅವನೇ, "ಯಾರು?" ಎಂದು ಕೇಳುವವನೂ ಅವನೇ. ಅದಿಲ್ಲದೆ ಹೋದ ಒಂಬತ್ತು ಭಾನುವಾರಗಳು ಅವಳಿಗೆ ಬಾಗಿಲು ತೆರೆಯದ ಮನೆಯ ಮುಂದೆ ನಿಂತ ಹಾಗಿದ್ದವು. ತಮ್ಮನ ಹೆಂಡತಿ ನಡುವೆ ಕೂತು ಎರಡೂ ಕಡೆಯ ಮಾತು ದಾಟಿಸಲು ಸಿದ್ಧಳಿದ್ದಳು, ಪಾಪ. ಆದರೆ ಬೇರೆಯವರ ನಂಬರಿನ ಕನ್ನಡಕ ಹಾಕಿಕೊಂಡು ಎಷ್ಟು ದಿನ ನೋಡಲಾದೀತು? ಐವತ್ತೆಂಟನೆಯ ವಯಸ್ಸಿನಲ್ಲಿ ಅವಳು ಹೊಸ ನೋಟ್‌ಬುಕ್ಕು ಕೊಂಡಳು.

ಆ ಭಾಷೆಯ ತರಗತಿ ನಡೆಯುತ್ತಿದ್ದುದು ಗ್ರಂಥಾಲಯದ ಮಹಡಿಯಲ್ಲಿ, ವಾರಕ್ಕೆ ಮೂರು ಸಂಜೆ. ಕಲಿಯುವವರೇ ಕಡಿಮೆ, ಆದ್ದರಿಂದ ಹಳಬರೂ ಹೊಸಬರೂ ಒಂದೇ ಕೋಣೆಯಲ್ಲಿ, ಒಂದೇ ಉದ್ದನೆಯ ಮೇಜಿನ ಸುತ್ತ. ಯಾರೂ ಬರೆದಿಡದ ಒಂದು ಕಟ್ಟಳೆ ಅಲ್ಲಿತ್ತು. ಹೊಸಬರು ಬಾಗಿಲ ಪಕ್ಕ, ಪಳಗಿದವರು ಕಿಟಕಿಯ ಪಕ್ಕ. ಕಿಟಕಿಯ ಪಕ್ಕದವರಿಗೆ ಗಾಳಿಯೂ ಹೆಚ್ಚು, ನಗುವೂ ಹೆಚ್ಚು. ಮೇಷ್ಟ್ರು ಆ ಭಾಷೆಯಲ್ಲಿ ಏನೋ ಹಾಸ್ಯ ಹೇಳಿದರೆ ನಗು ಕಿಟಕಿಯಿಂದ ಹೊರಟು ಮೇಜಿನುದ್ದ ಹರಿದು ಬಾಗಿಲಿಗೆ ಬರುವಷ್ಟರಲ್ಲಿ ಆರಿಹೋಗಿರುತ್ತಿತ್ತು. ಇವಳು ಆರಿದ ನಗುವಿಗೆ ತಾನೂ ತುಟಿ ಅಗಲಿಸುತ್ತಿದ್ದಳು.

ಎಲ್ಲರಿಗಿಂತ ಅವಳಿಗೆ ಹೆದರಿಕೆ ಹುಟ್ಟಿಸಿದವರು ವಕೀಲಮ್ಮ. ಬೆನ್ನು ನೆಟ್ಟಗೆ, ಪುಸ್ತಕ ಮುಚ್ಚಿದ್ದು ಮುಚ್ಚಿದ ಹಾಗೆ, ಕೇಳಿದ ಪಾಠವನ್ನು ಬಾಯಿಂದಲೇ ಒಪ್ಪಿಸುವರು. ಅವರು ಮಾತು ಮುಗಿಸಿದಾಗಲೆಲ್ಲ ಇವಳು ತನ್ನ ನೋಟ್‌ಬುಕ್ಕಿನ ಮೇಲೆ ಅಂಗೈ ಮುಚ್ಚಿಕೊಳ್ಳುತ್ತಿದ್ದಳು. ಅದರಲ್ಲಿ ‘ಇದು ಮೇಜು. ಇದು ಕುರ್ಚಿ’ ಎಂದಿತ್ತು.

ತನ್ನ ಸರದಿ ಬಂದಾಗ ಬಾಯಿ ತೆರೆದರೆ ಇನ್ನೊಂದು ಪೇಚು. ಆ ಭಾಷೆಯಲ್ಲಿ ಬಾಗಿಲಿಗೆ ‘ಹೆರ್ತ್’ ಎನ್ನುತ್ತಾರೆ. ಇವಳು ‘ಹೆರ್ತು’ ಎಂದಳು. ಸಹೋದರಿಗೆ ‘ನೆಲ್’. ಇವಳು ‘ನೆಲ್ಲು’ ಎಂದಳು.

"ನೋಡಿ, ಹೊರಗಿಂದ ಯಾವ ಪದ ಮನೆಗೆ ಬಂದ್ರೂ ಬಾಲ ಅಂಟಿಸಿಬಿಡ್ತೀವಿ ನಾವು," ಎಂದರು ಮೇಷ್ಟ್ರು ಮೆತ್ತಗೆ. "ಬಸ್ಸು, ಕಾರು, ಪೆನ್ನು, ಲೈಟು. ಇಲ್ಲಿ ಪದ ಎಲ್ಲಿ ನಿಲ್ಲುತ್ತೋ ಅಲ್ಲೇ ನಿಲ್ಲಬೇಕು. ಕತ್ತರಿಸಿದ ಹಾಗೆ."

"ಅಕ್ಕನ ಕೈಗೆ ಸಿಕ್ಕಿದ ಪದಕ್ಕೆ ಬಾಲ ಗ್ಯಾರಂಟಿ ಮೇಷ್ಟ್ರೇ," ಎಂದರು ಔಷಧಿ ಅಂಗಡಿಯವರು. ಅವರು ಮೇಜಿನ ನಡುಭಾಗದವರು, ತಮಾಷೆಯ ಮನುಷ್ಯ. "ನಾಳೆ ನಾನು ಕೈಗೆ ಸಿಕ್ಕಿದ್ರೆ ನನಗೂ ಒಂದು ಅಂಟಿಸ್ತಾರೆ."

ಎಲ್ಲರೂ ನಕ್ಕರು. ಈ ನಗು ಮಾತ್ರ ಬಾಗಿಲ ತನಕ ಬಿಸಿಬಿಸಿಯಾಗಿಯೇ ಬಂತು. ಅವಳೂ ನಕ್ಕಳು. ಮಾರನೆಯ ತರಗತಿಗೆ ಹೋಗಲಿಲ್ಲ, ಅದರ ಮಾರನೆಯದಕ್ಕೂ ಇಲ್ಲ. ಮನೆಯಲ್ಲಿ ಒಬ್ಬಳೇ ಪಾಠ ತೆರೆದು ಕೂತರೆ, ಪದಗಳೆಲ್ಲ ವಕೀಲಮ್ಮನ ದನಿಯಲ್ಲಿ ಕೇಳಿಸಿ ನಾಲಗೆ ಒಣಗುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ವಕೀಲಮ್ಮನೇ ಬಂದರು. ಕಣ್ಣು ತೋರಿಸಬೇಕಂತೆ.

ಅವಳು ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುವ ಭಾರದ ಫ್ರೇಮನ್ನು ಮೂಗಿನ ಮೇಲಿಟ್ಟು, ಎದುರಿನ ಅಕ್ಷರದ ಹಲಗೆಗೆ ದೀಪ ಹಾಕಿದಳು. ಮೇಲಿನ ಎರಡು ಸಾಲು ವಕೀಲಮ್ಮ ಸರಾಗವಾಗಿ ಓದಿದರು. ಮೂರನೆಯದನ್ನೂ ಸರಾಗವಾಗಿಯೇ ಓದಿದರು, ಪೂರಾ ತಪ್ಪು. ನಾಲ್ಕನೆಯದರಲ್ಲಿ ಇಲ್ಲದ ಅಕ್ಷರಗಳನ್ನೇ ಓದಿದರು.

ಇಂಥವರನ್ನು ಅವಳು ದಿನಾ ನೋಡುತ್ತಾಳೆ. ಕಾಣುವುದಿಲ್ಲ ಎನ್ನಲು ನಾಚಿಕೆ, ಊಹಿಸಿ ಓದುತ್ತಾರೆ. ಅವಳು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. "ಕಾಣದಿದ್ರೆ ಕಾಣಲ್ಲ ಅಂದುಬಿಡಿ ಅಮ್ಮಾ. ಇದೇನು ಪರೀಕ್ಷೆ ಅಲ್ಲ. ಫೇಲ್ ಮಾಡೋರು ಯಾರೂ ಇಲ್ಲ ಇಲ್ಲಿ."

ವಕೀಲಮ್ಮ ಕುರ್ಚಿಗೆ ಒರಗಿ, "ಕಾಣಲ್ಲ," ಎಂದರು. "ಹಲಗೆ ಮೇಲೆ ಮೇಷ್ಟ್ರು ಬರೆಯೋದು ವರ್ಷದಿಂದ ಕಾಣಲ್ಲ. ಪುಸ್ತಕದ ಅಕ್ಷರವೂ ಕಲಸಿದ ಹಾಗೆ. ಮನೇಲಿ ಮಗಳ ಹತ್ರ ಓದಿಸಿ ಬಾಯಿಪಾಠ ಮಾಡ್ಕೊಂಡು ಬರ್ತೀನಿ. ಇಷ್ಟು ಮುಂದೆ ಬಂದು ಈಗ ತಡವರಿಸಿದ್ರೆ ಏನಂದುಕೊಳ್ತಾರೋ ಅಂತ."

"ನಿಮಗೂನಾ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟಳು ಅವಳು.

ಇಬ್ಬರೂ ನಕ್ಕರು. ಅವಳು ಗಾಜು ಬದಲಿಸಿದಳು, ಇನ್ನೊಂದು ಬದಲಿಸಿದಳು. ವಕೀಲಮ್ಮ ನಾಲ್ಕನೆಯ ಸಾಲನ್ನು ಈ ಸಲ ನಿಧಾನವಾಗಿ, ಸರಿಯಾಗಿ ಓದಿ, "ನೀವ್ಯಾಕೆ ಬರ್ತಿಲ್ಲ?" ಎಂದು ಕೇಳಿದರು.

ತಮ್ಮನ ಕತೆಯನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿದಳು. ವಕೀಲಮ್ಮ ಭಾರದ ಫ್ರೇಮನ್ನು ತೆಗೆಯದೆಯೇ ಕೇಳಿದರು. ಆಮೇಲೆ, "ಬಾಲ ತಾನೇ? ಕತ್ತರಿಸೋಣ ಬನ್ನಿ. ಪದ ಮುಗಿಯೋ ಹೊತ್ತಿಗೆ ತುಟಿ ಮೇಲೆ ಬೆರಳಿಡಿ. ತುಟಿ ಮುಂದೆ ಚಾಚಿಕೊಂಡ್ರೆ ಬೆರಳಿಗೆ ಗೊತ್ತಾಗುತ್ತೆ," ಎಂದರು.

ಮೂರು ವಾರ ಅದೇ ಕೆಲಸ. ತರಗತಿಗೆ ಅರ್ಧ ಗಂಟೆ ಮುಂಚೆ ಇಬ್ಬರೂ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರುವರು. ಇವಳು ತುಟಿಗೆ ಬೆರಳಿಟ್ಟು ಹೆರ್ತ್, ಹೆರ್ತ್ ಎನ್ನುವಳು. ಮೊದಮೊದಲು ತನ್ನ ಬಾಲ ತನಗೇ ಕೇಳಿಸುತ್ತಿರಲಿಲ್ಲ. ಎರಡನೆಯ ವಾರಕ್ಕೆ ಕಿವಿ ಹುಟ್ಟಿತು. ಪದದ ಕೊನೆಯಲ್ಲಿ ಆ ಸಣ್ಣ ‘ಉ’ ಹೇಗೆ ಬಂದು ಕೂರುತ್ತದೆಂದು ಗೊತ್ತಾಯಿತು. ಮೂರನೆಯ ವಾರ ಮೇಷ್ಟ್ರು ಎಂಟನೆಯ ಪಾಠ ಓದಿಸಿ ತಲೆದೂಗಿದರು. ಔಷಧಿ ಅಂಗಡಿಯವರು ಎದ್ದು ಬಂದು ತಮ್ಮ ಕುರ್ಚಿ ಅವಳಿಗೆ ಬಿಟ್ಟುಕೊಟ್ಟರು. "ಬಡ್ತಿ ಆಯ್ತು, ಮುಂದೆ ಬನ್ನಿ. ಆವತ್ತು ಜಾಸ್ತಿ ಮಾತಾಡಿದೆ, ಮನಸ್ಸಿಗೆ ಹಚ್ಕೋಬೇಡಿ," ಎಂದು ಮೆಲ್ಲಗೆ ಸೇರಿಸಿದರು.

ಆ ಭಾನುವಾರ ಬೆಳಿಗ್ಗೆ ಅವಳು ತಾನೇ ಫೋನು ಮಾಡಿದಳು. ನೋಟ್‌ಬುಕ್ಕು ಮಡಿಲಲ್ಲಿ, ಬೆರಳು ತುಟಿಯ ಮೇಲೆ. ಒಂದೂ ಬಾಲ ಬಾರದಂತೆ ಓದಿದಳು: ನಾನು ನಿಮ್ಮ ಅಕ್ಕ. ನಿಮ್ಮ ಆರೋಗ್ಯ ಹೇಗಿದೆ? ಇಂದು ಹವೆ ಚೆನ್ನಾಗಿದೆಯೇ?

ಪುಸ್ತಕದಲ್ಲಿ ಇದ್ದದ್ದು ಬಹುವಚನ, ಅವಳು ಹೇಳಿದ್ದೂ ಬಹುವಚನ. ತಮ್ಮ ಅಷ್ಟೇ ಮರ್ಯಾದೆಯಿಂದ ಉತ್ತರ ಕೊಟ್ಟ. ಆರೋಗ್ಯ ಪರವಾಗಿಲ್ಲ. ಹವೆ ಚೆನ್ನಾಗಿದೆ. ತಾವು ಕೇಳಿದ್ದಕ್ಕೆ ಸಂತೋಷ. ಆಸ್ಪತ್ರೆಗೆ ನೋಡಲು ಬಂದ ಯಾರಿಗೋ ಹೇಳಿದಂತಿತ್ತು. ಅರ್ಥಕ್ಕೆ ಮಾತ್ರ ಕಿವಿಗೊಟ್ಟಿದ್ದ ಅವಳಿಗೆ ಒಂದೊಂದು ಪದವೂ ಅರ್ಥವಾಯಿತು. ಅರ್ಥವಾದಷ್ಟೂ ತಮ್ಮ ದೂರ ಹೋದ. ಇದಕ್ಕಿಂತ ಆ ತಿಳಿಯದ ನೀರೇ ವಾಸಿಯಿತ್ತಲ್ಲ ಎನ್ನಿಸಿತು ಅವಳಿಗೆ.

ಹೇಳಲು ಎಂಟು ಪಾಠದಲ್ಲಿ ಇನ್ನೇನೂ ಉಳಿದಿರಲಿಲ್ಲ. ಅವಳ ಬೆರಳು ತುಟಿಯಿಂದ ಜಾರಿತು. ಏನು ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಫೋನಿನ ಪಕ್ಕದ ಮೇಜನ್ನು ಗೆಣ್ಣಿನಿಂದ ಮೂರು ಸಲ ಬಡಿದಳು. "ಹೆರ್ತು," ಎಂದಳು. "ಹೆರ್ತು ಕಣೋ!"

ಆ ಕಡೆಯಿಂದ ಉಸಿರು ಕೇಳಿಸಿತು. ಆಮೇಲೆ ನಗು, ಗಂಟಲು ಒಡೆದ ಆ ಹಳೆಯ ನಗು. ನಕ್ಕು, ತಡೆದು, ಅವನು ಕೇಳಿದ: "ಕೆಸ್ಸು?"

ಯಾರು ಎನ್ನುವುದಕ್ಕೆ ಅವರ ಪದ ‘ಕೆಸ್’. ಎರಡನೆಯ ಪಾಠದಲ್ಲೇ ಬರುತ್ತದೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕೆಸ್ಸು. ಮೂವತ್ತೊಂದು ವರ್ಷ ಆ ದೇಶದ ನೀರು ಕುಡಿದು, ಆ ಭಾಷೆಯಲ್ಲೇ ಹೆಂಡತಿಯನ್ನು ಒಲಿಸಿಕೊಂಡು, ಆ ಭಾಷೆಯಲ್ಲೇ ಮೇಲಧಿಕಾರಿಗಳೊಡನೆ ಜಗಳವಾಡಿದ ಅವನ ಬಾಲವನ್ನೂ ಯಾರೂ ಕತ್ತರಿಸಿರಲಿಲ್ಲ. ಅಮ್ಮ, ಅಕ್ಕ, ನೀರು, ಅನ್ನ ಎಲ್ಲ ಹೋಗಿ, ಆ ಒಂದು ‘ಉ’ ಮಾತ್ರ ಯಾವುದೋ ಮೂಲೆಯಲ್ಲಿ ಅಡಗಿ ಕೂತಿತ್ತು. ಮೂರು ವಾರ ಮೆಟ್ಟಿಲ ಮೇಲೆ ಕೂತು ಕಿವಿ ಹದ ಮಾಡಿಕೊಳ್ಳದಿದ್ದರೆ ಅದು ಅವಳಿಗೆ ಕೇಳಿಸುತ್ತಲೂ ಇರಲಿಲ್ಲ.

"ನಾನು," ಎಂದಳು, ಅವನ ಭಾಷೆಯಲ್ಲಿ.

ಅವನು ಇನ್ನೊಂದು ಪ್ರಶ್ನೆ ಕೇಳಿದ. ನಿಧಾನವಾಗಿ, ಪ್ರತಿ ಪದಕ್ಕೂ ಬಾಲ ಇಟ್ಟು. ನಾನು ಅಂದರೆ ಯಾರು?

ಉತ್ತರ ಅವಳಿಗೆ ಗೊತ್ತಿತ್ತು, ಆದರೆ ಆ ಭಾಷೆಯಲ್ಲಿ ಗೊತ್ತಿರಲಿಲ್ಲ. ‘ಅಲ್ಲ’ ಎನ್ನುವುದು ಹನ್ನೆರಡನೆಯ ಪಾಠ. "ನೀನಲ್ಲದವಳು," ಎಂದಳು ಕನ್ನಡದಲ್ಲೇ, ಆಸೆಯಿಂದ.

ಅವನು ಕಾದ. ಅವಳೂ ಕಾದಳು. ಅಗುಳಿ ಸರಿಯಲಿಲ್ಲ. "ಅಂದರೆ?" ಎಂದು ಕೇಳಿದ ಅವನು ತನ್ನ ಭಾಷೆಯಲ್ಲಿ, ಮಗುವಿನಂತೆ.

ವಾರದ ದಿನಗಳು ಅವಳಿಗೆ ಬರುತ್ತಿದ್ದವು. "ಭಾನುವಾರ," ಎಂದಳು. "ಬರುವ ಭಾನುವಾರ ಹೇಳುತ್ತೇನೆ."

ಬುಧವಾರದ ತರಗತಿಯಲ್ಲಿ ಅವಳು ಯಾರೂ ಕೇಳುವ ಮೊದಲೇ ಕೈ ಎತ್ತಿದಳು. ತಮ್ಮನ ಕತೆಯನ್ನೂ ಅಗುಳಿಯ ಆಟವನ್ನೂ ಎಲ್ಲರಿಗೂ ಹೇಳಿ ಕೇಳಿದಳು: ‘ನೀನಲ್ಲದವಳು’ ಎಂದು ಹೇಳುವುದು ಹೇಗೆ?

ಕಿಟಕಿಯ ಪಕ್ಕದವರು ಒಬ್ಬರ ಮುಖ ಒಬ್ಬರು ನೋಡಿದರು. ವಕೀಲಮ್ಮ ಹೊಸ ಕನ್ನಡಕ ಸರಿಮಾಡಿಕೊಂಡು ಒಂದು ವಾಕ್ಯ ಹೇಳಿ, ತಾವೇ ತಲೆಯಾಡಿಸಿ ಬಿಟ್ಟರು. ಆ ಭಾಷೆಯಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಮೂರು ಮಾತನ್ನು ಒಂದೇ ಪದಕ್ಕೆ ಹೆಣೆಯುವ ದಾರಿಯೂ ಇಲ್ಲ. ಎರಡನೆಯ ಪ್ರಯತ್ನ ಉದ್ದವಾಯಿತು.

"ಇದೇನು ವಕೀಲಮ್ಮ, ಕೋರ್ಟಿನ ನೋಟೀಸು ಬಂದ ಹಾಗಾಯ್ತು!" ಎಂದರು ಔಷಧಿ ಅಂಗಡಿಯವರು.

"ನೀವು ಹೇಳಿ ನೋಡೋಣ ಹಾಗಾದ್ರೆ."

ಅವರು ಹೇಳಿದರು. ಅದರ ಅರ್ಥ ‘ನೀನು ಇಲ್ಲ’ ಎಂದಾಯಿತು. ಎಲ್ಲರೂ ಬೇಡ ಬೇಡ ಎಂದರು. ಹಲಗೆಯ ಮೇಲೆ ನಾಲ್ಕು ವಾಕ್ಯ ತುಂಬುವಷ್ಟರಲ್ಲಿ ಗಂಟೆಯಾಗಿತ್ತು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ನನಗೂ ಗೊತ್ತಾಗ್ತಿಲ್ಲ ಅಕ್ಕಾ. ನಾಲ್ಕನ್ನೂ ಬರ್ಕೊಂಡು ಹೋಗಿ. ನಿಮ್ಮ ತಮ್ಮನೇ ಆರಿಸ್ಕೊಳ್ಳಲಿ. ಅವರು ಈ ಮೇಜಿಗೆಲ್ಲ ಮುಂದಿನ ಪಾಠದವರು."

ಅವಳು ಒಂದೊಂದನ್ನೇ ಬರೆದುಕೊಂಡಳು. ಬರೆಯುತ್ತಾ, ಪ್ರತಿ ಪದದ ಕೊನೆಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ‘ಉ’ ಸೇರಿಸಿದಳು. ಪಕ್ಕಕ್ಕೆ ಬಂದು ನಿಂತ ವಕೀಲಮ್ಮನಿಗೆ ಈಗ ಅಷ್ಟು ಸಣ್ಣ ಅಕ್ಷರವೂ ಕಾಣುತ್ತಿತ್ತು. ಅವರ ಬೆರಳು ತುಟಿಯ ತನಕ ಎದ್ದಿತು, ಅಲ್ಲಿಂದ ಕನ್ನಡಕಕ್ಕೆ ಹೋಗಿ ಅದನ್ನು ಮೂಗಿನ ಮೇಲೆ ಸುಮ್ಮನೆ ಒಮ್ಮೆ ಒತ್ತಿತು.

ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಮೆಟ್ಟಿಲಿಳಿಯುತ್ತಾ ಅವಳು ನಾಲ್ಕೂ ವಾಕ್ಯಗಳನ್ನು ಬಾಯಲ್ಲೇ ಹೇಳಿಕೊಂಡಳು. ಯಾವುದಕ್ಕೆ ಬಾಗಿಲು ತೆರೆಯುತ್ತಾನೋ.