ಕಡ್ಡಿ ಎಷ್ಟು ಒಳಗೆ

ಸ್ಪಿರಿಟ್ಟು ಮಂಡಿಯ ಮೇಲಿಂದ ತಣ್ಣಗೆ ಇಳಿಯುತ್ತಿದೆ, ಡಾಕ್ಟರ ಕೈಯಲ್ಲಿ ಆ ಕಡ್ಡಿ — ಸ್ಟೀಲಿನದು, ತೆಳ್ಳಗೆ, ಅಷ್ಟುದ್ದ ಯಾಕಪ್ಪಾ, ಮಂಡಿಯಲ್ಲಿ ತೂತಿರುವುದು ಸಾಸಿವೆ ಕಾಳಿನಷ್ಟು. ಚನ್ನಾಜಮ್ಮ, ಕಾಲು ಸಡಿಲ ಬಿಡಿ, ಅನ್ನುತ್ತಾರೆ, ಹೇಗೆ ಬಿಡಲಿ, ಮಂಚದ ಅಂಚು ಹಿಡಿದುಕೊಂಡೆ. ಹೋದ ವರ್ಷ ಈ ಮಂಡಿಗೆ ಲೋಹದ ಕೀಲು ಕೂರಿಸಿದ್ದು, ಮೂರು ತಿಂಗಳಿಗೆಲ್ಲ ಯಳಂದೂರು ಸಂತೆ ಸುತ್ತಿ ಬಂದೆ, ಮಗಳು ನಾಗಶ್ರೀ ನಗುತ್ತಿದ್ದಳು, ಅವ್ವ, ಒಸಿ ನಿಧಾನುಕ್ಕೆ ಓಗು, ಯಾರೂ ಅಟ್ಟಿಸ್ಕಂಡು ಬತ್ತಿಲ್ಲ — ಆಮೇಲೆ ಹೊಲಿಗೆಯ ಪಕ್ಕ ಈ ತೂತು, ದಿನಕ್ಕೆ ಎರಡು ಹನಿ ಕೀವು, ನಾನು ಯಾರಿಗೂ ಹೇಳಲಿಲ್ಲ, ಸೀರೆ ಇಳಿಬಿಟ್ಟುಕೊಂಡೆ, ಬೆಟ್ಟದಿಂದ ತಂದ ಮಾದಪ್ಪನ ಧೂಳ್ತ ಗೂಡಿನಲ್ಲಿತ್ತು, ಹಣೆಗಿಡುವ ಬೂದಿ, ಮಕ್ಕಳ ಜ್ವರಕ್ಕೆ ಹಚ್ಚಿದ್ದೇವೆ, ಹಸುವಿನ ಕೆಚ್ಚಲಿಗೆ ಹಚ್ಚಿದ್ದೇವೆ, ಇದ್ಯಾವ ಮಹಾ ಅಂತ ಬೆರಳ ತುದಿಯಲ್ಲಿ ಒತ್ತಿ ಒತ್ತಿ ತುಂಬಿದೆ, ತೂತು ಮುಚ್ಚಿತು, ಉಘೇ ಮಾದಪ್ಪ ಅಂತ ಕೈ ಮುಗಿದೆ, ನಾಲ್ಕು ದಿನಕ್ಕೆ ಮತ್ತೆ ಬಾಯಿ ಬಿಟ್ಟಿತು, ಮತ್ತೆ ತುಂಬಿದೆ, ಹೀಗೇ ಎರಡು ತಿಂಗಳು, ಕೊನೆಗೆ ಸೀರೆಗಂಟಿದ ಕಲೆ ನೋಡಿ ನಾಗಶ್ರೀ ಇಲ್ಲಿಗೆ ಎಳೆತಂದಳು, ಎಂಥ ಬುದ್ಧಿಗೇಡಿ ನಾನು.

ಇದಕ್ಕೆ ಏನಾದ್ರೂ ಹಚ್ಚಿದ್ರಾ ಅಂತ ಡಾಕ್ಟರು ಕೇಳಿದಾಗ ಇಲ್ಲ ಸಾ ಅಂದುಬಿಟ್ಟೆ, ಹೇಳಿದರೆ ನಾಗಶ್ರೀ ನನ್ನನ್ನು ತಿಂದೇಬಿಡುತ್ತಾಳೆ, ಹೇಳಿದರೆ ಮಾದಪ್ಪನ ಮೇಲೆ ದೂರು ಹೇಳಿದ ಹಾಗಲ್ಲವೇ, ನಿನ್ನ ತಪ್ಪಲ್ಲ ಕಣಪ್ಪ ಮಾದೇವ, ಈ ಹಾಳು ಬೆರಳಿನದು. ಡಾಕ್ಟರು ನಾಗಶ್ರೀಗೆ ಹೇಳುತ್ತಿದ್ದಾರೆ, ಕಡ್ಡಿ ಎಷ್ಟು ಒಳಗೆ ಹೋಗುತ್ತೆ ನೋಡೋಣ, ಕೀವು ಚರ್ಮದಲ್ಲೇ ಇದ್ರೆ ಮಾತ್ರೇಲಿ ವಾಸಿಯಾಗುತ್ತೆ, ಒಳಗಿನ ಕೀಲಿಗೆ ಅಂಟಿದ್ರೆ ಮಾತ್ರೆ ಸಾಲಲ್ಲ, ಮಂಡಿ ಬಿಚ್ಚಿ ಕೀಲನ್ನೇ ತೆಗೀಬೇಕು, ಔಷಧಿ ಬೆರೆಸಿದ ಸಿಮೆಂಟು ಇಟ್ಟು ಆರೇಳು ವಾರ ಕಾಯಬೇಕು, ಆಮೇಲೆ ಹೊಸದು, ಅದಕ್ಕೂ ಸೋಂಕು ತಗುಲಿದ್ರೆ — ನನ್ನ ತೊಡೆಯ ಕಡೆ ನೋಡಿದರು. ಅಯ್ಯೋ, ಕಾಲು ಕತ್ತರಿಸುತ್ತಾರೆ, ಚರ್ಮದಲ್ಲೇ ಇರಲಿ, ಚರ್ಮದಲ್ಲೇ ಇರಲಿ. ಕಡ್ಡಿ ತೂತಿಗೆ ಇಳಿಯಿತು. ನೋವಿಲ್ಲ, ನೋವಾಗಿದ್ದರೆ ಚೆನ್ನಾಗಿತ್ತು, ಒಂದು ಉಗುರಿನಷ್ಟು ಹೋಯಿತು, ಸಾಕು, ನಿಲ್ಲು, ಬೂದಿ ಇಲ್ಲಿಗೇ ನಿಂತಿದೆ ಅಂದುಕೊಂಡಿದ್ದೆ, ಕಡ್ಡಿ ನಿಲ್ಲಲಿಲ್ಲ, ಇನ್ನೊಂದು ಉಗುರು, ಸಾ, ಬೂದಿ ತುಂಬ್ದೆ ಸಾ, ಧೂಳ್ತ, ನಾನೇ ತುಂಬ್ದೆ, ನಾಗಶ್ರೀ ಅವ್ವಾ ಅಂದಳು ಅಷ್ಟೆ, ಡಾಕ್ಟರು ತಲೆ ಎತ್ತಲಿಲ್ಲ, ಕಡ್ಡಿ ಹೋಗುತ್ತಲೇ ಇದೆ, ಅರ್ಧ ಕಡ್ಡಿ, ಅರ್ಧಕ್ಕಿಂತ ಹೆಚ್ಚು, ಕಡ್ಡಿ, ನನ್ನ ಮೈಯೊಳಗೆ ಎಲ್ಲೋ ಟಿಕ್ — ಲೋಹಕ್ಕೆ ಲೋಹ ತಗುಲಿದ್ದು, ಟಿಕ್.