ಹಿಲ್ಡಾಳ ಹೊಸ್ತಿಲು

"ಇಷ್ಟು ಚೊಕ್ಕಟವಾಗಿ ಮನೆ ಇಟ್ಟುಕೊಂಡಿರೋರಿಗೆ ಆಸ್ಪತ್ರೆ ಹಾಸಿಗೆ ಯಾಕಮ್ಮ? ಮೂರು ಹೆತ್ತಿದ್ದೀರಿ. ನಿಮ್ಮಂಥವರಿಗೆ ನಾಲ್ಕನೇದು ಸೀನಿದರೂ ಬಂದುಬಿಡುತ್ತೆ," ಎನ್ನುತ್ತ ಮಿಸ್ ಕ್ರಾಂಪ್ಟನ್ ಬೆಂಕಿಗೂಡಿನ ಮೇಲಿನ ಹಲಗೆಗೆ ಕೈಗವಸಿನ ಬೆರಳು ಆಡಿಸಿದಳು. ಧೂಳು ಸಿಗಲಿಲ್ಲ. ಹಿಲ್ಡಾಳ ಅರ್ಜಿ ಅಲ್ಲೇ ಸತ್ತಿತು.

ನಮ್ಮೂರ ಆಸ್ಪತ್ರೆಯಲ್ಲಿ ಹೆರಿಗೆ ಹಾಸಿಗೆಗಳು ಕಡಿಮೆ. ಮನೆ ಕೊಳಕಾಗಿದ್ದರೆ, ಜನ ಕಿಕ್ಕಿರಿದಿದ್ದರೆ ಮಾತ್ರ ಮುನಿಸಿಪಾಲಿಟಿಯ ಈ ಮಹಾತಾಯಿ ಚೀಟಿ ಬರೆಯುತ್ತಾಳೆ. ಹಿಲ್ಡಾಳಿಗೆ ಕೊಳಕಾಗಿರುವ ವಿದ್ಯೆಯೇ ಗೊತ್ತಿಲ್ಲ. ಗಿರಣಿಯಲ್ಲಿ ನನ್ನ ಪಕ್ಕದ ಮಗ್ಗ ಅವಳದು. ತುಂಬಿದ ಹೊಟ್ಟೆ ಹೊತ್ತುಕೊಂಡೇ ದಿನಾ ಹೊಸ್ತಿಲ ಕಲ್ಲು ಉಜ್ಜಿ, ಅಂಚಿಗೆ ಬಿಳಿ ಬಳಿದು ಕೆಲಸಕ್ಕೆ ಬರುತ್ತಿದ್ದಳು.

ಕಳೆದ ಸಲದ ಹೆರಿಗೆಗೆ ಸೂಲಗಿತ್ತಿ ಸೈಕಲ್ಲಿನಲ್ಲಿ ಬಂದಳು, ಡಾಕ್ಟರು ಬರಲು ಎರಡು ತಾಸಾಯಿತು. ರಕ್ತ ನಿಲ್ಲಲಿಲ್ಲ. ಆ ಚಾದರಗಳನ್ನು ಹಿಂಡಿದವಳು ನಾನು. ಇವತ್ತಿಗೂ ನನಗೆ ಭಯ. ಆಮೇಲೆ, ಇನ್ನು ಮಕ್ಕಳಾಗದಂತೆ ಏನಾದರೂ ಕೊಡಿ ಎಂದು ಅವಳು ಕ್ಲಿನಿಕ್ಕಿಗೆ ಹೋದರೆ, ಅದೆಲ್ಲ ಕಾಯಿಲೆಯವರಿಗೆ, ನೀವು ಗಟ್ಟಿಮುಟ್ಟಾಗಿದ್ದೀರಿ ಎಂದು ಹೊಗಳಿ ಕಳಿಸಿದರು. ಆ ಹೊಗಳಿಕೆ ಈಗ ಒಳಗಿಂದ ಒದೆಯುತ್ತಿತ್ತು.

ಮತ್ತೆ ಅರ್ಜಿ ಹಾಕಿಸಿದೆವು. ಶುಕ್ರವಾರ ಮಿಸ್ ಬರುವ ಮುಂಚೆ ಬೀದಿಯ ಹೆಂಗಸರೆಲ್ಲ ಸೇರಿ ಹಿಲ್ಡಾಳ ಮನೆ ಹಾಳು ಮಾಡಲು ನಿಂತೆವು. ಒಬ್ಬಳು ಬೂದಿ ಚೆಲ್ಲಿದಳು, ಒಬ್ಬಳು ಕೂಸುಗಳ ಒದ್ದೆ ಲಂಗೋಟಿಗಳನ್ನು ಮೂಗಿಗೆ ತಾಗುವಂತೆ ನೇತುಹಾಕಿದಳು. ನನ್ನ ಐದು ಮಕ್ಕಳನ್ನು ಹಿಲ್ಡಾಳ ಮೂರರ ಜೊತೆ ಒಂದೇ ಹಾಸಿಗೆಗೆ ತುರುಕಿದೆ. ಪಾಳಿ ಮುಗಿಸಿ ಬಂದ ಅವಳ ಗಂಡ ಒಳಗೆ ಇಣುಕಿ, ಹೊರಗೆ ಹೋಗಿ ಬಾಗಿಲ ನಂಬರು ನೋಡಿಕೊಂಡ. ಹಿಲ್ಡಾ ಮಾತ್ರ ನಮ್ಮ ಹಿಂದೆಯೇ ಒರೆಸುತ್ತ ಬಂದಳು.

"ಬಟ್ಟೆ ಕೆಳಗಿಡೇ, ಮುಂಡೇದೆ. ಸಾಯ್ಬೇಕು ಅಂತಿದ್ದೀಯಾ?" ಎಂದೆ.

"ಈ ಗಲೀಜಲ್ಲಿ ಇರೋದ್ಕಿಂತ ಸಾಯೋದೇ ವಾಸಿ ಕಣೇ ಆಗ್ನೆಸ್."

ಕೊನೆಗೆ ಅವಳ ಹೊಸ್ತಿಲಿಗೆ ನಾನೇ ಕೆಸರಿನ ಬೂಟು ಒರೆಸಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಮಿಸ್ ಕ್ರಾಂಪ್ಟನ್ ಲಂಗ ಎತ್ತಿ ಹಿಡಿದು ಒಳಗೆ ಬಂದಳು. ಎರಡು ವಾರದಲ್ಲಿ ಹೀಗೂ ಕೆಡುತ್ತಾರಾ ಎಂದು ಆಶ್ಚರ್ಯಪಡಲಿಲ್ಲ. ನಮ್ಮಂಥವರು ಹೀಗೇ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಚೀಟಿ ಬರೆದಳು.

"ನಾಚಿಕೆ ಆಗಲ್ವಾ? ಹಂದಿ ಕೂಡ ಮರಿ ಹಾಕೋಕ್ಮುಂಚೆ ಜಾಗ ನೋಡ್ಕೊಳ್ಳುತ್ತೆ."

ಹಿಲ್ಡಾ ಚೀಟಿ ಇಸಿದುಕೊಂಡು ರವಿಕೆಯೊಳಗೆ ತುರುಕಿದಳು. ಮಿಸ್ ಹತ್ತು ಹೆಜ್ಜೆ ಹೋಗಿರಲಿಲ್ಲ, ಇವಳು ಬಕೆಟ್ಟು ತಂದು, ಆ ಹೊಟ್ಟೆ ಹೊತ್ತು, ಹೊಸ್ತಿಲ ಮುಂದೆ ಮಂಡಿಯೂರಿ ಉಜ್ಜತೊಡಗಿದಳು.

ಮಿಸ್ ತಿರುಗಿ ನೋಡಿದಳು. ದಡ್ಡಿಯಲ್ಲ, ಎಲ್ಲ ಅರ್ಥವಾಯಿತು. ವಾಪಸು ಬಂದು ಕೈ ಚಾಚಿದಳು.

"ಆ ಚೀಟಿ ಕೊಡಿ."

"ಕಲ್ಲು ಒದ್ದೆ ಐತೆ ಮಿಸ್," ಹಿಲ್ಡಾ ತಲೆ ಎತ್ತಲಿಲ್ಲ. "ಒಣಗೋ ತಂಕ ಯಾರೂ ತುಳಿಯಂಗಿಲ್ಲ."

ನಾನೂ ಬಕೆಟ್ಟು ತಂದೆ. ಎದುರು ಮನೆಯವಳು ತಂದಳು, ಆಮೇಲೆ ಅವಳ ಪಕ್ಕದವಳು. ನೋಡನೋಡುತ್ತ ಬೀದಿಯ ಹೆಂಗಸರೆಲ್ಲ ಮಂಡಿಯೂರಿದ್ದರು. ಎರಡೂ ಬದಿಯ ಕಲ್ಲುಹಾಸು ನೀರಿನಿಂದ ಹೊಳೆಯುತ್ತಿತ್ತು. ಕಲ್ಲಿದ್ದಲು ಗಾಡಿಯ ಕುದುರೆ ಆಗತಾನೆ ಲದ್ದಿ ಹಾಕಿ ಹೋಗಿದ್ದ ನಡುರಸ್ತೆಯೊಂದೇ ಮಿಸ್ ಕ್ರಾಂಪ್ಟನ್‌ಗೆ ಉಳಿದಿತ್ತು. ಅದರಲ್ಲೇ ಬೀದಿಯ ಕೊನೆಯವರೆಗೂ ಬರಿಗೈಯಲ್ಲಿ ನಡೆದಳು.