ಎಪ್ಪತ್ತು ದಿನ ಕಾಣದ ನಕ್ಷತ್ರ

ಆ ನಕ್ಷತ್ರ ಅಲ್ಲಿ ಇರಬಾರದಿತ್ತು.

ಸುಲ್ಮಾ ನದಿಯ ಮೆಟ್ಟಿಲುಗಳ ಕೊನೆಯಲ್ಲಿ ಬಗ್ಗಿ, ಗೋಡೆಗೆ ಬಡಿದಿದ್ದ ಅಳತೆಪಟ್ಟಿಗೆ ಟಾರ್ಚು ಹಿಡಿದು ನೀರಿನ ಮಟ್ಟ ಓದಿಕೊಂಡಿದ್ದಳು. ಸೊಂಟ ನೆಟ್ಟಗೆ ಮಾಡಿಕೊಂಡು ಊರಿನ ಕಡೆ ತಿರುಗಿದಾಗ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಮೂವರು ಮರಿಯಾಗಳೆಂದು ಎಲ್ಲರೂ ಕರೆಯುವ ಸಾಲುನಕ್ಷತ್ರಗಳ ಮೇಲೆ ಅದು ಧಗಧಗ ಹೊಳೆಯುತ್ತಿತ್ತು. ಜೂನ್ ಹತ್ತರ ಸಂಜೆ ಆರೂವರೆ. ಲುಬ್ಧಕ. ಆಕಾಶದಲ್ಲಿ ಅದರಷ್ಟು ಹೊಳೆಯುವ ನಕ್ಷತ್ರ ಇನ್ನೊಂದಿಲ್ಲದ ಮೇಲೆ ಗುರುತು ತಪ್ಪುವಂತಿರಲಿಲ್ಲ.

ಕೂದಲು ಕತ್ತರಿಸುವ ಅಂಗಡಿಯ ಮಿರ್ತಾ ಹೇಳಿದ ಪ್ರಕಾರ ಅದು ಸತ್ತು ಹದಿನೈದು ದಿನವಾಗಿತ್ತು. ಮೇ ಕೊನೆಯಲ್ಲಿ ಮರೆಯಾಗಿ, ಎಪ್ಪತ್ತು ದಿನ ಪಾತಾಳದಲ್ಲಿದ್ದು, ಆಗಸ್ಟ್ ಮೊದಲ ವಾರದ ಮುಂಜಾನೆ ಅದು ಮತ್ತೆ ಹುಟ್ಟುತ್ತದೆ. ಅವಳ ಪುಟ್ಟ ಪಂಗಡಕ್ಕೆ ಅಂದೇ ಹೊಸ ವರ್ಷ. ಅಂದೇ ಸುಲ್ಮಾ ಪ್ರತಿಜ್ಞೆ ತೆಗೆದುಕೊಂಡು, ಆ ನಕ್ಷತ್ರವೇ ಆದ ದೇವಿಯ ಮಗಳಾಗಿ, ಹೊಸ ಹೆಸರು ಪಡೆಯುವವಳಿದ್ದಳು.

ಅವಳು ಟಾರ್ಚು ಆರಿಸಿ ಕುತ್ತಿಗೆ ನೋಯುವವರೆಗೂ ನೋಡುತ್ತ ನಿಂತಳು.

ಭೂಮಿಯ ದಕ್ಷಿಣಾರ್ಧದ ಕಾಂಕೋರ್ದಿಯಾ ಊರಿನಲ್ಲಿ ದಿನಕ್ಕೆರಡು ಬಾರಿ ನದಿಯ ಮಟ್ಟ ಓದಿ ಕಚೇರಿಗೆ ತಿಳಿಸುವ ಕೆಲಸವನ್ನು ಅವಳು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಳು. ಅವಳು ಹೇಳಿದ ಅಂಕಿಯ ಮೇಲೆ ತಗ್ಗಿನ ಬೀದಿಯವರು ಹಾಸಿಗೆ, ಫ್ರಿಜ್ಜು, ಕೋಳಿಗಳನ್ನು ಹೊತ್ತು ಎತ್ತರದ ಶಾಲೆಗೆ ಹೋಗಬೇಕೋ ಬೇಡವೋ ಎಂಬುದು ನಿಂತಿತ್ತು. ಒಮ್ಮೆ ಪ್ರವಾಹದ ಹೊತ್ತಿನಲ್ಲಿ ಹೊಸ ಮೇಲಧಿಕಾರಿಯೊಬ್ಬ, "ಜನ ಸುಮ್ನೆ ಗಾಬರಿ ಬೀಳ್ತಾರೆ, ಹತ್ತು ಸೆಂಟಿಮೀಟರ್ ಕಮ್ಮಿ ಹೇಳು" ಎಂದಿದ್ದ. "ನೀರಿಗೇ ಹೇಳಿ ಸಾರ್, ಅದು ಇಳಿದ್ರೆ ನಾನೂ ಇಳಿಸ್ತೀನಿ" ಎಂದಿದ್ದಳು ಸುಲ್ಮಾ. ಆ ಮಾತನ್ನು ಊರು ಇನ್ನೂ ನೆನೆಸಿಕೊಂಡು ನಗುತ್ತಿತ್ತು.

ಕೆಲಸದಲ್ಲಿ ಎಷ್ಟು ಗಟ್ಟಿಯೋ ದೇವರ ವಿಷಯದಲ್ಲಿ ಅಷ್ಟೇ ಅಲೆಮಾರಿ. ಚಿಕ್ಕಂದಿನಲ್ಲಿ ಇಗರ್ಜಿಯ ಪಾದ್ರಿಯನ್ನು ಪ್ರಶ್ನೆ ಕೇಳಿ ಹೊರಗೆ ಹಾಕಿಸಿಕೊಂಡಿದ್ದಳು. ಆಮೇಲೆ ಎರಡು ವರ್ಷ ಗಿಟಾರು ಬಾರಿಸಿ ಹಾಡುವ ಪಂಗಡ, ಒಂದು ವರ್ಷ ಸತ್ತವರನ್ನು ಕರೆದು ಮಾತಾಡಿಸುವವರ ಮನೆ. "ದೇವ್ರನ್ನ ಬದಲಾಯಿಸೋದು ಇವಳಿಗೆ ಚಪ್ಪಲಿ ಬದಲಾಯಿಸಿದ ಹಾಗೆ" ಎನ್ನುತ್ತಿದ್ದಳು ತಾಯಿ ದೆಲ್ಮಿರಾ.

ಮಿರ್ತಾಳ ಅಂಗಡಿಗೆ ಹೋದದ್ದು ಕೂದಲು ಕತ್ತರಿಸಿಕೊಳ್ಳಲು. ಕನ್ನಡಿಯ ಪಕ್ಕದ ಕಪಾಟಿನಲ್ಲಿ, ಶಾಂಪೂ ಬಾಟಲಿಗಳ ನಡುವೆ, ಹೊಟ್ಟೆ ಜೋಲುಬಿದ್ದ ನೀಲಿ ಗೊಂಬೆಯೊಂದಿತ್ತು. ಗಡ್ಡವೂ ಇತ್ತು, ಮೊಲೆಯೂ ಇತ್ತು.

"ಇದು ಗಂಡೋ ಹೆಣ್ಣೋ?" ಎಂದಿದ್ದಳು ಸುಲ್ಮಾ.

"ನದಿ" ಎಂದಳು ಮಿರ್ತಾ, ಕತ್ತರಿ ನಿಲ್ಲಿಸದೆ.

ಆ ಒಂದು ಉತ್ತರಕ್ಕೆ ಸುಲ್ಮಾ ಸಿಕ್ಕಿಬಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಐದು ಜನ ಸೇರುತ್ತಿದ್ದರು, ಅವಳು ಆರನೆಯವಳಾದಳು. ಈಜಿಪ್ಟಿನ ಹಳೆಯ ದೇವರುಗಳಿಗೆ ನೀರು, ರೊಟ್ಟಿ, ಧೂಪ. ಎಷ್ಟು ಪ್ರಶ್ನೆ ಕೇಳಿದರೂ ಯಾರೂ ಹೊರಗೆ ಕಳಿಸಲಿಲ್ಲ. ಮನೆಯಲ್ಲಿ ತಾಯಿಯ ಕೆಮ್ಮು, ಕೆಲಸದಲ್ಲಿ ನೀರು; ಇವೆರಡರ ಆಚೆ ಅವಳಿಗೆ ಇದ್ದದ್ದು ಆ ಕೋಣೆಯೊಂದೇ.

ಮುಂದಿನ ಭಾನುವಾರ ಕೋಣೆಯಲ್ಲಿ ದೇವಿ ಅಸೆತಳ ಮೂರ್ತಿಗೆ ಬಿಳಿ ಬಟ್ಟೆ ಹೊದಿಸಿತ್ತು. ಎಪ್ಪತ್ತು ದಿನ ಹಾಡಿಲ್ಲ, ಧೂಪವಿಲ್ಲ. ಗಂಡ ಒಸಿರಿಸ್ ಹೆಣವಾಗಿ ಮಲಗಿರುವಾಗ ದೇವಿ ಅಳುವ ಕಾಲ. ಎಲ್ಲರೂ ಕುಳಿತ ಮೇಲೆ ಸುಲ್ಮಾ ಮೆಲ್ಲಗೆ ಹೇಳಿದಳು.

"ನಾನು ನಕ್ಷತ್ರ ನೋಡಿದೆ. ದಿನಾ ಸಂಜೆ ಕಾಣುತ್ತೆ, ಪಶ್ಚಿಮಕ್ಕೆ."

"ವಿಮಾನ ಇರಬೇಕು" ಎಂದ ಔಷಧಿ ಅಂಗಡಿಯ ರುಫಿನೊ.

"ಐದು ದಿನದಿಂದ ಒಂದೇ ಕಡೆ ನಿಂತಿರೋ ವಿಮಾನವಾ? ಪೆಟ್ರೋಲ್ ಖಾಲಿಯಾಗಿರಬೇಕು ಪಾಪ."

ಎಲ್ಲರೂ ನಕ್ಕರು. ಮಿರ್ತಾ ನಗಲಿಲ್ಲ. ಅರವತ್ತಮೂರರ ಹೆಂಗಸು, ಕೂದಲಿಗೆ ತಾನೇ ಹಾಕಿಕೊಂಡ ಕಡುಗೆಂಪು ಬಣ್ಣ, ಮಾತಿನಲ್ಲಿ ಅವಸರವಿಲ್ಲ. "ಪಂಚಾಂಗ ದೊಡ್ಡ ಮಠದಿಂದ ಬರುತ್ತೆ, ಸುಲ್ಮಾ. ಲೆಕ್ಕ ಹಾಕೋದು ತಿಳಿದವರು. ಇನ್ನೇನು ಮುಳುಗುತ್ತೆ, ಕಾದು ನೋಡು."

ದೊಡ್ಡ ಮಠ ಇದ್ದದ್ದು ಉತ್ತರದ ದೇಶದಲ್ಲಿ. ಅಲ್ಲಿ ಈಗ ಬೇಸಿಗೆ, ಇಲ್ಲಿ ಚಳಿಗಾಲ. ಸುಲ್ಮಾ ಅದನ್ನು ಯೋಚಿಸಿದಳು, ಆಡಲಿಲ್ಲ. ಕಾದು ನೋಡುವುದು ಅವಳಿಗೆ ಬರುವ ಕೆಲಸ.

ಸಂಜೆ ನೋಡಿದಳು. ನಕ್ಷತ್ರ ದಿನದಿನಕ್ಕೆ ತುಸು ಕೆಳಗಿಳಿಯುತ್ತಿತ್ತು, ನಿಜ. ಆದರೆ ಇದ್ದೇ ಇತ್ತು. ಮುಳುಗಿದ ಮೇಲೆ ಎಲ್ಲಿಂದ ಏಳುತ್ತದೋ ನೋಡೋಣವೆಂದು ಬೆಳಿಗ್ಗೆಯೂ ಅರ್ಧ ಗಂಟೆ ಮೊದಲೇ ಮೆಟ್ಟಿಲಿಗೆ ಬರತೊಡಗಿದಳು. ಮೂರು ದಿನ ಮಂಜು. ಆಚೆ ದಡದ ಉರುಗ್ವೇ ದೇಶದ ದೀಪಗಳೂ ಕಾಣಲಿಲ್ಲ.

"ಈಗ ಈಜಿಪ್ಟಿನವರು. ಮುಂದೆ ಯಾರು, ಚೀನಾದವರಾ?" ನಾಲ್ಕನೆಯ ಬೆಳಿಗ್ಗೆ ಬಾಗಿಲಲ್ಲಿ ಶಾಲು ಹೊದ್ದು ನಿಂತ ದೆಲ್ಮಿರಾ ಕೇಳಿದಳು. ಎಪ್ಪತ್ತೊಂಬತ್ತು ವಯಸ್ಸು, ನದಿ ಎರಡು ಸಲ ಅವಳ ಮನೆಯ ಸೂರಿನವರೆಗೆ ಬಂದು ಹೋಗಿತ್ತು. "ಮನೆ ಮುಳುಗಿಸಿದ ನೀರಿಗೆ ರೊಟ್ಟಿ ಬೇರೆ ತಿನ್ನಿಸ್ತಾರಂತೆ."

"ಅವರ ದೇಶದಲ್ಲಿ ಪ್ರವಾಹ ಬಂದ್ರೆ ಹಬ್ಬ ಅಮ್ಮ. ಹೊಲಕ್ಕೆ ಮಣ್ಣು ತರ್ತಿತ್ತಂತೆ."

"ನಮಗೂ ತಂತು. ನನ್ನ ಅಡಿಗೆಮನೆಯಲ್ಲಿ ಮೊಣಕಾಲುದ್ದ."

ಸುಲ್ಮಾ ನಗು ತಡೆಯದೆ ಟೋಪಿ ಎಳೆದುಕೊಂಡಳು. ಹಿಂದಿನಿಂದ ತಾಯಿಯ ದನಿ ಬಂತು: "ಇವತ್ತು ತಾರೀಕೆಷ್ಟು?"

"ಇಪ್ಪತ್ತನಾಲ್ಕು."

"ಸಾನ್ ಹುವಾನ್ ಹಬ್ಬ." ದೆಲ್ಮಿರಾ ಶಾಲು ಬಿಗಿದುಕೊಂಡಳು. "ನಿಲ್ಲು, ಬೂಟು ಹಾಕ್ಕೋತೀನಿ."

ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಮಂಜು ಹರಿದಿತ್ತು. ಚಳಿಗೆ ಉಸಿರು ಹೊಗೆಯಾಗುತ್ತಿತ್ತು. ದೆಲ್ಮಿರಾ ಮೆಟ್ಟಿಲ ಮೇಲೆ ಕುಳಿತು, ಕೈಗವಸು ಕಳಚಿ, ನದಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಹಚ್ಚಿಕೊಂಡು ಚೀರಿದಳು.

"ಅಯ್ಯಯ್ಯೋ, ಪ್ರಾಣ ಹೋಯ್ತು!"

"ಏನಮ್ಮ ಇದು?"

"ನಮ್ಮಜ್ಜಿ ಮಾಡಿಸ್ತಿದ್ದಳು. ಸಾನ್ ಹುವಾನ್ ಬೆಳಿಗ್ಗೆ, ಸೂರ್ಯ ಹುಟ್ಟೋಕೆ ಮುಂಚೆ. ದೊಡ್ಡ ಚುಕ್ಕಿ ಮೂಡಿದ ಮೇಲೆ ನೀರು ಮುಟ್ಟಬೇಕು ಅಂತಿದ್ದಳು."

"ಯಾವ ಚುಕ್ಕಿ?"

"ನಂಗೇನು ಗೊತ್ತು? ನಾವು ಏಳು ಜನ ಮಕ್ಕಳು, ಚಳಿಗೆ ಅಳ್ತಾ ನಿಂತಿರ್ತಿದ್ವಿ. ಅಜ್ಜಿ ಕೈ ತೋರಿಸ್ತಿದ್ದಳು." ಮುಖ ಒರೆಸಿಕೊಳ್ಳುತ್ತ ದೆಲ್ಮಿರಾ ಆಚೆ ದಡದ ಕಡೆ ಗಲ್ಲ ಎತ್ತಿದಳು. "ಅಲ್ಲಿ. ಹಾಗೇ ಇರ್ತಿತ್ತು."

ಉರುಗ್ವೇ ದೀಪಗಳ ಮೇಲೆ, ಒಂದು ಗೇಣಿನಷ್ಟು ಎತ್ತರದಲ್ಲಿ, ಕೆಂಪು, ನೀಲಿ, ಬಿಳಿ ಮಿನುಗುತ್ತ ಲುಬ್ಧಕ ನಿಂತಿತ್ತು. ಹಿಂದಿನ ಸಂಜೆಯಷ್ಟೇ ಸುಲ್ಮಾ ಅದನ್ನು ಪಶ್ಚಿಮದಲ್ಲಿ, ಟ್ಯಾಂಕಿನ ಹಿಂದೆ ಇಳಿಯುವಾಗ ನೋಡಿದ್ದಳು. ಹನ್ನೆರಡು ಗಂಟೆಯೂ ಆಗಿರಲಿಲ್ಲ. ಆ ಕಡೆ ಮುಳುಗಿದ್ದು ಬೆಳಗಾಗುವುದರೊಳಗೆ ಈ ಕಡೆ ಎದ್ದಿತ್ತು. ಎಪ್ಪತ್ತು ದಿನವಿಲ್ಲ, ಒಂದು ದಿನವೂ ಇಲ್ಲ. ಈ ಊರಿನ ಆಕಾಶದಲ್ಲಿ ಅದು ಸಾಯುವುದೇ ಇಲ್ಲ. ಸುಲ್ಮಾಳಿಗೆ ಮೈ ಜುಮ್ಮೆಂದಿತು. ಅವತ್ತು ನೀರಿನ ಮಟ್ಟವನ್ನು ಅವಳು ಎರಡು ಸಲ ಓದಬೇಕಾಯಿತು.

ಸೋಮವಾರ ಅಂಗಡಿಗೆ ರಜೆ. ಮಿರ್ತಾ ಒಬ್ಬಳೇ ಕೂತು ಸೋರೆಬುರುಡೆಯಿಂದ ಮಾತೆ ಎಲೆಯ ಕಷಾಯ ಹೀರುತ್ತ ಬಾಚಣಿಗೆಗಳನ್ನು ಸೋಡಾಪುಡಿಯ ನೀರಿನಲ್ಲಿ ಅದ್ದುತ್ತಿದ್ದಳು. ಸುಲ್ಮಾ ಎಲ್ಲ ಹೇಳಿದಳು. ಸಂಜೆ ಎಲ್ಲಿ, ಬೆಳಿಗ್ಗೆ ಎಲ್ಲಿ, ಯಾವ ಹೊತ್ತಿಗೆ. ತನ್ನ ಸಂತೋಷ ತಡೆಯಲಾರದೆ ಕೈಯಲ್ಲೇ ಆಕಾಶ ಬರೆದು ತೋರಿಸಿದಳು. "ಪಂಚಾಂಗ ತಪ್ಪಲ್ಲ ಮಿರ್ತಾ, ಅದು ಅವರ ಆಕಾಶದ್ದು. ನಮ್ಮಲ್ಲಿ ದೇವಿ ಹೋಗೋದೇ ಇಲ್ಲ!"

ಮಿರ್ತಾ ಕಷಾಯದ ಸೋರೆಬುರುಡೆಗೆ ಬಿಸಿನೀರು ಹಾಕಿ ಅವಳತ್ತ ಚಾಚಿದಳು.

"ಅನೀಬಲ್ ಸತ್ತಾಗ ಆ ಅಂಟುರೋಗದ ಕಾಲ" ಎಂದಳು. ಅನೀಬಲ್ ಅವಳ ಗಂಡ. "ಪೆಟ್ಟಿಗೆಗೆ ಮೊಳೆ ಹೊಡೆದೇ ಕೊಟ್ರು. ಮುಖ ತೊಳೆಯೋಕೂ ಬಿಡಲಿಲ್ಲ, ಕೂದಲು ಬಾಚೋಕೂ ಬಿಡಲಿಲ್ಲ. ಮೂವತ್ತೈದು ವರ್ಷ ಅವನ ಕೂದಲು ಕತ್ತರಿಸಿದವಳು ನಾನು. ಅರ್ಧ ಗಂಟೆಯಲ್ಲಿ ಎಲ್ಲಾ ಮುಗೀತು." ಅವಳು ಬಾಚಣಿಗೆಯೊಂದನ್ನು ಎತ್ತಿ, ಝಾಡಿಸಿ, ಬಟ್ಟೆಯ ಮೇಲಿಟ್ಟಳು. "ಆಮೇಲೆ ಓದಿದೆ. ಈಜಿಪ್ಟಿನವರು ಹೆಣಕ್ಕೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಎಪ್ಪತ್ತು ದಿನ ನೋಡಿಕೊಳ್ತಿದ್ರಂತೆ. ಎಪ್ಪತ್ತು ದಿನ, ಸುಲ್ಮಾ! ಪ್ರತಿ ವರ್ಷ ಈ ಬಟ್ಟೆ ಹೊದಿಸಿ ನಾನು ಅವನ ಹತ್ರ ಕೂತಿರ್ತೀನಿ. ನೀನು ಬಂದು ಒಂದು ದಿನವೂ ಇಲ್ಲ ಅಂತೀಯ."

ಸುಲ್ಮಾ ಸೋರೆಬುರುಡೆಯನ್ನು ಕೆಳಗಿಟ್ಟಳು. ಇಷ್ಟು ಹೊತ್ತು ಕೈಬೀಸಿ ಮಾತಾಡಿದ್ದಕ್ಕೆ ನಾಚಿಕೆಯಾಯಿತು. ಆದರೆ ನಕ್ಷತ್ರ ಇರುವಲ್ಲೇ ಇತ್ತು.

"ನೀವು ಬಟ್ಟೆ ತೆಗೀಬೇಡಿ" ಎಂದಳು. "ಆ ಎಪ್ಪತ್ತು ದಿನ ನಿಮ್ಮದು. ನಿಮ್ಮ ಹತ್ರ ಅದನ್ನ ಕಿತ್ಕೊಳ್ಳೋಕೆ ನಾನು ಬಂದಿಲ್ಲ."

"ಮತ್ತೆ ಆಗಸ್ಟಿಗೆ?"

"ಆಗಸ್ಟಿಗೆ ಎಲ್ಲರ ಮುಂದೆ ನಿಂತು 'ಹೋದವಳು ಇವತ್ತು ಬಂದಳು' ಅಂತ ಹೇಳೋಕೆ ನನ್ನಿಂದಾಗಲ್ಲ. ಹೋಗಿಲ್ಲದವಳನ್ನ ಬಂದಳು ಅಂತ ಹೆಂಗೆ ಹೇಳ್ಲಿ? ನಂಗೆ ಈ ನದಿ ಹತ್ರ, ಈ ಆಕಾಶದ ಕೆಳಗೆ ಅವಳು ಹೆಂಗೆ ಕಾಣ್ತಾಳೋ ನೋಡಬೇಕು ಅನ್ಸಿದೆ. ಅಷ್ಟೇ."

"ಹಾಗಾದ್ರೆ ನಿನ್ನ ಹೆಸರು? ಆರಿಸಿಟ್ಟಿದ್ದೆ."

"ಸದ್ಯಕ್ಕೆ ಸುಲ್ಮಾ ಸಾಕು."

ಮಿರ್ತಾ ಎದ್ದು ಬಾಚಣಿಗೆಯ ನೀರು ಚೆಲ್ಲಲು ಹಿಂದಕ್ಕೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಸುಲ್ಮಾ ಬಾಗಿಲು ಎಳೆದುಕೊಂಡು ಹೊರಟಳು. ಬೀದಿಯಲ್ಲಿ ನಡೆಯುವಾಗ ಆ ಕೋಣೆಯನ್ನು ತಾನೇ ಕೈಯಾರೆ ಕಳೆದುಕೊಂಡೆನೆಂದು ಅಳು ಬಂತು. ಅಳುತ್ತಲೇ ತಲೆಯೆತ್ತಿ, ಸಂಜೆಗೆ ಮೋಡ ಕವಿಯಬಹುದೇ ಎಂದು ನೋಡಿದಳು.

ಎರಡು ಭಾನುವಾರ ಅವಳು ಹೋಗಲಿಲ್ಲ. ಬೆಳಿಗ್ಗೆ ಮಟ್ಟ ಓದಿದ ಮೇಲೆ ಮೆಟ್ಟಿಲ ಮೇಲೆ ತುಸು ರೊಟ್ಟಿ ಇಟ್ಟು, ಲೋಟದಲ್ಲಿ ನದಿಯ ನೀರನ್ನು ಎತ್ತಿ ನದಿಗೇ ಸುರಿಯುತ್ತಿದ್ದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಪುಸ್ತಕದ ಸ್ತೋತ್ರ ಬಾಯಿಗೆ ಬರಲಿಲ್ಲ. ಒಂದು ದಿನ ಸುಮ್ಮನೆ ಆ ಹೊತ್ತಿನ ನೀರಿನ ಮಟ್ಟ ಹೇಳಿದಳು, ಕಚೇರಿಗೆ ಹೇಳುವ ಹಾಗೆ. ಅದು ಸರಿಯೆನಿಸಿತು. ಅಂದಿನಿಂದ ಅದೇ ಅವಳ ಪ್ರಾರ್ಥನೆ.

ಜುಲೈ ಹದಿನಾಲ್ಕರ ಮುಂಜಾನೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ತಾಯಿಯಿರಬೇಕೆಂದು ತಿರುಗಿದರೆ ಮಿರ್ತಾ. ಕೋಟಿನ ಕೆಳಗೆ ಅಂಗಡಿಯ ಹೂವಿನ ಮೇಲಂಗಿ, ಕಾಲಿಗೆ ಎರಡು ಜೊತೆ ಕಾಲುಚೀಲ.

"ಎಲ್ಲಿ?" ಎಂದಳು.

ಸುಲ್ಮಾ ಕೈ ತೋರಿಸಿದಳು. ಮಿರ್ತಾ ಕನ್ನಡಕ ಒರೆಸಿ ಹಾಕಿಕೊಂಡಳು. ಮತ್ತೆ ತೆಗೆದು ಒರೆಸಿದಳು.

"ಬಟ್ಟೆ ತೆಗೆಯಲ್ಲ" ಎಂದಳು.

"ಬೇಡ."

"ಆಗಸ್ಟಿನವರೆಗೂ."

"ಆಯ್ತು."

ಮಿರ್ತಾ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಸುಲ್ಮಾಳ ಪಕ್ಕದಲ್ಲಿ ನಿಂತಳು. ಮೇಲಿನ ತಿರುವಿನಿಂದ ಮೀನುಗಾರನ ದೋಣಿಯೊಂದು ಟಕಟಕ ಸದ್ದು ಮಾಡುತ್ತ ಬರುತ್ತಿತ್ತು. ಅದರಲ್ಲಿದ್ದವನಿಗೆ ನೀರಿನಂಚಿನಲ್ಲಿ ತಲೆಯೆತ್ತಿ ನಿಂತ ಇಬ್ಬರು ಹೆಂಗಸರು ಕಂಡಿರಬೇಕು. ಪ್ರಾರ್ಥನೆಗೆ ನಿಂತಿದ್ದಾರೆಂದುಕೊಂಡನೋ ಏನೋ, ಅವನು ಮೋಟಾರು ನಿಲ್ಲಿಸಿದ. ದೋಣಿ ಸದ್ದಿಲ್ಲದೆ ಹರಿವಿನ ಜೊತೆ ತೇಲುತ್ತ ಅವರನ್ನು ದಾಟಿ ಹೋಯಿತು. ಬಹಳ ದೂರ ಹೋದ ಮೇಲೇ ಮೋಟಾರು ಮತ್ತೆ ಶುರುವಾದ ಸದ್ದು ಕೇಳಿಸಿತು.